ಡಬ್ಬಿಯ ಸೆಲೆನಿಯಂ, ಜೇಬಿನ ಅಡಿಕೆ

ಡೊಂಬಿವಲಿಯ ಓದುಗರೊಬ್ಬರ ಪತ್ರ: "ನಮ್ಮ ಯಜಮಾನರು ಇಪ್ಪತ್ತು ವರ್ಷದಿಂದ ಅಡಿಕೆ-ತಂಬಾಕು ಬೆರೆಸಿದ ಮಾವಾ ತಿನ್ನುತ್ತಾರೆ. ಈಗ ಸಾರು ತಿಂದರೂ ಬಾಯಿ ಉರಿ. ಒಬ್ಬರು ಕೂದಲು ಪರೀಕ್ಷೆ ಮಾಡಿ, ಮೈಯಲ್ಲಿ ಉರಿಯೂತವಿದೆ, ಖನಿಜಗಳು ಏರುಪೇರಾಗಿವೆ, ಸತು-ಸೆಲೆನಿಯಂ ಮಾತ್ರೆ ನುಂಗಿದರೆ ಕ್ಯಾನ್ಸರ್ ಬರಲ್ಲ ಎಂದರು. ನಿಜವಾ?"

ಅಕ್ಕಾ, ಅರ್ಧ ನಿಜ. ತೊಂದರೆ ಇರುವುದೇ ಅಲ್ಲಿ.

ಗಾಯವಾದಾಗ ಅದನ್ನು ಮಾಯಿಸಲು ದೇಹ ನಡೆಸುವ ಕೆಲಸವೇ ಉರಿಯೂತ. ಬಿಳಿ ರಕ್ತಕಣಗಳು ಓಡಿ ಬರುತ್ತವೆ, ಹೊಸ ಜೀವಕೋಶಗಳು ಹುಟ್ಟುತ್ತವೆ. ಗಾಯ ಮಾಯ್ದರೆ ಎಲ್ಲ ತಣ್ಣಗಾಗುತ್ತದೆ. ಅದೇ ಜಾಗವನ್ನು ದಿನಾ ಕೆದಕುತ್ತಿದ್ದರೆ? ಕೋಶಗಳು ಬೆಳೆಯುತ್ತಲೇ ಇರುತ್ತವೆ, ಡಿಎನ್‌ಎಗೆ ಪೆಟ್ಟು ಬೀಳುತ್ತಲೇ ಇರುತ್ತದೆ. ಗೆಡ್ಡೆಗಳೊಳಗೆ ಬಿಳಿ ಕಣಗಳನ್ನು ಕಂಡ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಶೋ 1863ರಲ್ಲೇ ಈ ನಂಟನ್ನು ಊಹಿಸಿದ್ದರು. ವರ್ಷಗಟ್ಟಲೆ ಉಳಿಯುವ ಹೆಪಟೈಟಿಸ್ ಬಿ ಯಕೃತ್ತಿನ ಕ್ಯಾನ್ಸರಿಗೆ ದಾರಿ ಮಾಡುವುದೂ ಹೆಚ್ಚುಕಡಿಮೆ ಹೀಗೇ.

ಖನಿಜದ ಮಾತೂ ಪೂರ್ತಿ ಸುಳ್ಳಲ್ಲ. ಹುಟ್ಟಿನಿಂದಲೇ ಮೈಯಲ್ಲಿ ಕಬ್ಬಿಣ ಜಾಸ್ತಿ ಸೇರಿಕೊಳ್ಳುವ ಕಾಯಿಲೆಯೊಂದಿದೆ, ಅದರಲ್ಲಿ ಯಕೃತ್ತಿನ ಕ್ಯಾನ್ಸರ್ ಅಪಾಯ ಹೆಚ್ಚು. ಆದರೆ ಮಾತ್ರೆ ನುಂಗಿದರೆ ಕ್ಯಾನ್ಸರ್ ತಪ್ಪುತ್ತದೆ ಅನ್ನುವುದು ಬೇರೆಯೇ ಮಾತು. ಅಮೆರಿಕ, ಕೆನಡಾದಲ್ಲಿ 35,000ಕ್ಕೂ ಹೆಚ್ಚು ಗಂಡಸರ ಮೇಲೆ 2001ರಿಂದ ಸೆಲೆನಿಯಂ ಮತ್ತು ವಿಟಮಿನ್ ಇ ಪರೀಕ್ಷಿಸಿದರು. ಪ್ರಾಸ್ಟೇಟ್ ಕ್ಯಾನ್ಸರ್ ತಗ್ಗಲಿಲ್ಲ, 2008ರಲ್ಲಿ ಮಾತ್ರೆ ನಿಲ್ಲಿಸಿದರು. ಆಮೇಲೆ ನೋಡಿದರೆ, ವಿಟಮಿನ್ ಇ ಒಂದನ್ನೇ ತಗೊಂಡವರಲ್ಲಿ ಆ ಕ್ಯಾನ್ಸರ್ ತುಸು ಹೆಚ್ಚೇ ಆಗಿತ್ತು.

ನಿಮ್ಮ ಮನೆಯಲ್ಲಿ ಯೋಚಿಸಬೇಕಾದ ಖನಿಜ ತಾಮ್ರ. ಅದು ಇರುವುದು ಅಡಿಕೆಯಲ್ಲಿ. ಅಡಿಕೆಯ ಚೂರು ಕೆನ್ನೆಯ ಒಳಭಾಗವನ್ನು ದಿನಾ ಉಜ್ಜುತ್ತದೆ, ಅಲ್ಲಿ ಉರಿಯೂತ ಆರುವುದೇ ಇಲ್ಲ. ಅಡಿಕೆಯ ತಾಮ್ರ ಅಲ್ಲಿನ ನಾರುಗಳನ್ನು ಗಟ್ಟಿ ಹೆಣೆಯುತ್ತದೆ ಎಂದು ಸಂಶೋಧಕರು ಶಂಕಿಸುತ್ತಾರೆ. ಬಾಯಿ ಬಿಗಿಯುತ್ತದೆ, ಕೆಲವರಿಗೆ ಮುಂದೆ ಅದೇ ಜಾಗದಲ್ಲಿ ಕ್ಯಾನ್ಸರ್. ತಂಬಾಕು ಬೆರೆಸದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲಿ ಪ್ರಕಟಿಸಿತು. ಮಾವಾದಲ್ಲಂತೂ ಎರಡೂ ಇವೆ. ಶಿರಸಿ ಕಡೆಯ ತೋಟದ ದುಡ್ಡಲ್ಲಿ ಓದಿದವನು ನಾನು, ಇದನ್ನು ಬರೆಯಲು ನನಗೂ ಮುಜುಗರವೇ.

ಇವತ್ತೇ ಯಜಮಾನರಿಗೆ ಬಾಯಿ ಅಗಲಿಸಲು ಹೇಳಿ. ಅವರದೇ ಮೂರು ಬೆರಳು, ಒಂದರ ಮೇಲೊಂದಿಟ್ಟು, ಹಲ್ಲುಗಳ ನಡುವೆ ಹೋಗುತ್ತವಾ ನೋಡಿ. ಹೋಗಲಿ, ಬಿಡಲಿ, ಬಾಯಿ ಉರಿ ಇರುವುದರಿಂದ ಹಲ್ಲಿನ ಡಾಕ್ಟರಿಗೆ ತೋರಿಸಲೇಬೇಕು. ಬಿಳಿ ಮಚ್ಚೆಯೋ ಮಾಯದ ಹುಣ್ಣೋ ಕಂಡರೆ ಮುಂಬಯಿ ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆ ಇದೆ, 1941ರಿಂದ ಇದೇ ಕೆಲಸ ಮಾಡುತ್ತಿದೆ. ನಿಮ್ಮದು ಸೆಂಟ್ರಲ್ ಲೈನೇ ಅಲ್ವಾ, ಗಾಡಿ ಬದಲಿಸುವ ಗೋಜಿಲ್ಲ. ಮಾವಾ ಬಿಟ್ಟರೂ ಬಿಗಿತ ಪೂರ್ತಿ ಹೋಗದು, ಆದರೆ ಕೆದಕುವುದಂತೂ ನಿಲ್ಲುತ್ತದೆ.

ಮಾತ್ರೆ ಡಬ್ಬಿಯ ಸೀಲ್ ಇನ್ನೂ ಒಡೆದಿಲ್ಲವಾದರೆ ವಾಪಸ್ ಕೊಟ್ಟುಬಿಡಿ.

— ಸಂ.