ಮಂಗಳದಲ್ಲಿರುವ ಮಗ, ಕಲಬುರಗಿಯ ಅವ್ವ

ನಮಸ್ಕಾರ್ರೀ. ಮಂಗಳ ಗ್ರಹಕ್ಕೆ ಹೋದ ಕಲಬುರಗಿ ಹುಡುಗನ ಕಥೆ ಬರೀತಿದ್ದೇನೆ, ಮನೆಯವರು ಮಾತ್ರ ಗೊಂಬೆಗಳ ಹಾಗೆ ಕಾಣ್ತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ.

ಮೊದಲು ಅವ್ವ-ಮಗ ಫೋನಲ್ಲಿ ಥಟ್ಟನೆ ಮಾತಾಡುವುದನ್ನು ತೆಗೆಯಿರಿ. ಅಲ್ಲಿಂದ ಇಲ್ಲಿಗೆ ಸಿಗ್ನಲ್ ಬರಲು ಸುಮಾರು 3ರಿಂದ 22 ನಿಮಿಷ ಬೇಕು, ಹೋಗಿ ಬರಲು ಅದರ ಎರಡರಷ್ಟು. "ಉಂಡೆಯೇನಪ್ಪಾ?" ಅಂದದ್ದಕ್ಕೆ ಉತ್ತರ ಬರುವಷ್ಟರಲ್ಲಿ ಅವ್ವ ನಾಲ್ಕು ರೊಟ್ಟಿ ಬಡಿದಿರುತ್ತಾಳೆ. ನಮ್ಮಣ್ಣ ದುಬೈಯಲ್ಲಿದ್ದಾಗ ನಮ್ಮವ್ವ ಫೋನನ್ನು ರೊಟ್ಟಿ ಡಬ್ಬಿಗೆ ಆನಿಸಿ ಇಡುತ್ತಿದ್ದಳು. ಕೈ ತುಂಬಾ ಜೋಳದ ಹಿಟ್ಟು. ಬೆರಳಿನ ಗೆಣ್ಣಿನಿಂದ ಒತ್ತುತ್ತಿದ್ದಳು. ಆ ಬಿಳಿ ಗುರುತು ಪರದೆ ಮೇಲೆ ಸಂಜೆವರೆಗೂ ಇರುತ್ತಿತ್ತು. ನಿಮ್ಮ ಕಥೆಯಲ್ಲಿ ಇಂಥದ್ದೇ ಇಲ್ಲ ನೋಡಿ.

ತಂಗಿ ಮದುವೆ ಭಾಗ ಸುಮ್ನೆ ಉದ್ದ ಆಗಿದೆ, ಕಡಿಮೆ ಮಾಡಿ.

ಇನ್ನೊಂದು, ಮಂಗಳದ ದಿನ ನಮ್ಮದಕ್ಕಿಂತ ಸುಮಾರು 40 ನಿಮಿಷ ಜಾಸ್ತಿ. ಮಗನ ಬೆಳಗು ದಿನಾ ಸ್ವಲ್ಪ ಸರಿಯುತ್ತಾ 18 ದಿನದಲ್ಲಿ ಅವ್ವನ ರಾತ್ರಿಗೆ ಬಂದು ನಿಲ್ಲುತ್ತದೆ. ಮೇ ತಿಂಗಳ ಝಳಕ್ಕೆ ಮಾಳಿಗೆ ಮೇಲೆ ಮಲಗಿದವಳು ನಡುರಾತ್ರಿ ಎದ್ದು ಅವನ ದನಿ ಕೇಳುತ್ತಾಳೆ. ನಾನಾಗಿದ್ದರೆ ಕಥೆಯನ್ನು ಅಲ್ಲಿಂದಲೇ ಶುರು ಮಾಡುತ್ತಿದ್ದೆ.