ಪ್ರತಿಕ್ರಿಯೆ: ಮನೆಯ ಬಿಪಿ ಮೆಷಿನ್ ಯಾಕೆ ಜಾಸ್ತಿ ತೋರಿಸುತ್ತಿದೆ?

ಕಫ್ (ತೋಳಿಗೆ ಸುತ್ತುವ ಪಟ್ಟಿ) ಚಿಕ್ಕದಾಗಿರಬೇಕು. ಅಪ್ಪನ ತೋಳು ದಪ್ಪ, ಕ್ಲಿನಿಕ್‌ನಲ್ಲಿ ಮೇಲಿನ ಅಂಕಿ 132 ಬಂದದ್ದು ಮನೆಯಲ್ಲಿ 150 ದಾಟುತ್ತದೆ ಎಂದಿದ್ದೀರಲ್ಲ, ಅದಕ್ಕೇ ಈ ಅನುಮಾನ. ತೋಳಿಗೆ ಚಿಕ್ಕದಾದ ಕಫ್ ಸಾಮಾನ್ಯವಾಗಿ ಜಾಸ್ತಿ ತೋರಿಸುತ್ತದೆ. ನಮ್ಮ ಮನೆಯಲ್ಲೂ ಇದೇ ಆಗಿತ್ತು.

ಮೊದಲು ಭುಜ ಮತ್ತು ಮೊಣಕೈ ನಡುವೆ ತೋಳಿನ ಸುತ್ತಳತೆ ಟೇಪಿನಲ್ಲಿ ಅಳೆಯಿರಿ. ಕಫ್ ಮೇಲೆ 22–32 ಸೆಂ.ಮೀ. ಅಂತ ಏನಾದರೂ ಅಚ್ಚಾಗಿರುತ್ತದೆ. ಅದಕ್ಕಿಂತ ಜಾಸ್ತಿ ಬಂದರೆ ಅದೇ ಮಾಡೆಲ್‌ಗೆ ಹೊಂದುವ ದೊಡ್ಡ ಕಫ್ ತಗೊಳ್ಳಿ. ಬೇರೆ ಕಂಪನಿಯದ್ದು ಸಿಕ್ಕಿಸಬೇಡಿ.

ಆಮೇಲೆ ಅಳೆಯುವ ರೀತಿ. ಐದು ನಿಮಿಷ ಸುಮ್ನೆ ಒರಗಿ ಕೂರಲಿ, ಕಾಲು ನೆಲದ ಮೇಲಿರಲಿ, ತೋಳು ಎದೆಯ ಮಟ್ಟಕ್ಕೆ ಬರಲಿ. ಕಫ್ ಬರಿ ತೋಳಿಗೇ ಸುತ್ತಿ. ಮಾತು ಬೇಡ (ಇದೇ ಕಷ್ಟ, ಅಲ್ವಾ!). ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ, ಎರಡನ್ನೂ ಬರೆದಿಡಿ.

ಕಫ್ ಸರಿಯಿದ್ದೂ ವ್ಯತ್ಯಾಸ ಉಳಿದರೆ ಮೆಷಿನ್ನೇ ತಪ್ಪಿರಬಹುದು, ಅಥವಾ ಮನೆಯಲ್ಲಿ ನಿಜವಾಗಿಯೂ ಏರುತ್ತಿರಬಹುದು. ಮೆಷಿನ್ ಅನ್ನು ಕ್ಲಿನಿಕ್‌ಗೇ ಒಯ್ದು ಅವರದ್ದರ ಜೊತೆ ಹೋಲಿಸಿ. ಪರದೆಯಲ್ಲಿ ಅನಿಯಮಿತ ಹೃದಯಬಡಿತದ ಗುರುತು ಪದೇ ಪದೇ ಬಂದರೆ ಡಾಕ್ಟರಿಗೆ ಹೇಳಿ, ಆಗ ಅಂಕಿಯನ್ನೂ ಪೂರ್ತಿ ನಂಬಲಾಗದು. ಡಾಕ್ಟರ್ ಹೇಳುವವರೆಗೆ ಮಾತ್ರೆ ನೀವೇ ಬದಲಿಸಬೇಡಿ. 180/120 ದಾಟಿ ಎದೆನೋವು, ಉಸಿರಾಟದ ತೊಂದರೆ ಅಥವಾ ಮಾತು ತೊದಲುವುದು ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ.