ಕ್ಯಾಂಟೀನ್ ಕಾರ್ಡಿನ ಫೋಟೊ ನೋಡಿ ದುಡ್ಡು ಹಾಕಬಹುದಾ?

ಪ್ರಶ್ನೆ: ಆನ್‌ಲೈನ್‌ನಲ್ಲಿ ಒಂದು ಬುಲೆಟ್ ಇದೆ, 45 ಸಾವಿರಕ್ಕೆ. ಮಾರುವವರು ಬೆಳಗಾವಿಯಲ್ಲಿ ಮಿಲಿಟರಿಯಲ್ಲಿದ್ದಾರಂತೆ, ಈಗ ಬೇರೆ ಕಡೆ ವರ್ಗವಂತೆ. ಆಧಾರ್, ಮಿಲಿಟರಿ ಕ್ಯಾಂಟೀನ್ ಕಾರ್ಡ್ ಫೋಟೊ ಕಳಿಸಿದ್ದಾರೆ. ಗಾಡಿ ಕಳಿಸಲು 3 ಸಾವಿರ ಮೊದಲು ಹಾಕಿ ಅಂತಾರೆ. ಹಾಕಲಾ?
(ಓದುಗರು, ಬಾಗಲಕೋಟೆ)

ಹಾಕಬೇಡಿ. ಗಾಡಿಯ ಹೆಸರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಇದೇ ಬರುತ್ತಿರುತ್ತದೆ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರ ನಿಜವಾಗಿಯೂ ಇದೆ, ನಮ್ಮ ಕಡೆ ಸೈನಿಕರೆಂದರೆ ಗೌರವವೂ ಜಾಸ್ತಿ, ಅದಕ್ಕೇ ಕಳ್ಳರು ಆ ವೇಷ ಹಾಕುತ್ತಾರೆ. ಕಾರ್ಡು ಅಸಲಿಯೇ ಇರಬಹುದು, ಆದರೆ ನಿಮಗಿಂತ ಮೊದಲು ಮೋಸ ಹೋದ ಯಾರದ್ದೋ ಆಗಿರುತ್ತದೆ. ನಿಮ್ಮ ಆಧಾರ್ ಕಳಿಸಿಲ್ಲ ತಾನೇ? ಕಳಿಸಿದ್ದರೆ ನಾಳೆ ಅದು ಇನ್ನೊಬ್ಬರ ಮೊಬೈಲಿಗೆ ಹೋಗುತ್ತದೆ.

ಸಂತೆಯಲ್ಲಿ ಎತ್ತಿನ ಹಲ್ಲು ನೋಡುತ್ತೀರಿ, ಮಾರುವವನ ಗುರುತಿನ ಚೀಟಿ ಕೇಳುವುದಿಲ್ಲ, ಅಲ್ವಾ? ಇಲ್ಲೂ ಅಷ್ಟೇ. ಗಾಡಿ ನಂಬರನ್ನು ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿ. ಆಮೇಲೆ ಹಗಲಲ್ಲಿ, ಜನ ಓಡಾಡುವ ಕಡೆ ಗಾಡಿ ತರಿಸಿ. ಹ್ಯಾಂಡಲ್ ಕೆಳಗಿನ ಜಿಡ್ಡು ಒರೆಸಿದರೆ ಕೊರೆದ ಚಾಸಿ ನಂಬರ್ ಕಾಣುತ್ತದೆ, ಅದನ್ನೂ ಎಂಜಿನ್ ನಂಬರನ್ನೂ ಆರ್‌ಸಿ ಜೊತೆ ಒಂದೊಂದೇ ಅಂಕಿ ಹೋಲಿಸಿ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ, ಸಾಲ ತೀರಿದೆ ಅಂತ ಬ್ಯಾಂಕ್ ಕೊಡುವ ಎನ್‌ಒಸಿ ಮತ್ತು ಫಾರಂ 35 ಇಲ್ಲದೆ ಮಾತೇ ಬೇಡ. ಗಾಡಿ ನಿಮ್ಮ ಹೆಸರಿಗೆ ಮಾಡಿಸುವ ಫಾರಂ 29, 30ಕ್ಕೆ ಸಹಿ ಬಿದ್ದ ಮೇಲೆ, ಎದುರು ನಿಂತು ಮೊದಲು 1 ರೂಪಾಯಿ ಕಳಿಸಿ. ನಿಮ್ಮ ಫೋನಿನಲ್ಲಿ ಆರ್‌ಸಿಯಲ್ಲಿರುವ ಹೆಸರೇ ಬಂದರೆ ಉಳಿದದ್ದು ಹಾಕಿ. 'ತಮ್ಮನ ಖಾತೆ' ಅಂದರೆ ಎದ್ದು ಬನ್ನಿ. ಇಷ್ಟೆಲ್ಲ ಸಂಶಯ ಪಟ್ಟರೆ ಅವರಿಗೆ ಬೇಜಾರಾಗುತ್ತದೆ ಅಂತೀರಾ? ಆಗಲಿ ಬಿಡಿ. ನಿಜವಾಗಿ ಮಾರುವವನಿಗೂ ನಿಮ್ಮ ಮೇಲೆ ಅಷ್ಟೇ ಸಂಶಯ ಇರುತ್ತದೆ, ನೀವು ತೋರಿಸುವ ಸ್ಕ್ರೀನ್‌ಶಾಟ್ ನಂಬದೆ ಅವನು ತನ್ನ ಬ್ಯಾಂಕ್ ಬ್ಯಾಲೆನ್ಸ್ ತಾನೇ ನೋಡಿಕೊಳ್ಳಬೇಕು.

ಪ್ರಶ್ನೆ: ಇಳಕಲ್ ಸೀರೆ ಮಾರಿದೆ. ದುಡ್ಡು ಬರಲು ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂತಾರೆ?

ಪಿನ್ ಹಾಕಿದರೆ ದುಡ್ಡು ಹೋಗುತ್ತದೆ, ಬರುವುದಿಲ್ಲ. ಇನ್ನೆಷ್ಟು ಸಲ ಹೇಳಲಿ?

ಪ್ರಶ್ನೆ: ಪ್ರೊಫೈಲ್‌ಗೆ ಐದು ಸ್ಟಾರ್ ಇದೆಯಲ್ಲ?

ಸ್ಟಾರೂ ಮಾರಾಟಕ್ಕಿವೆ.

ಪ್ರಶ್ನೆ: ಕಳೆದ ದುಡ್ಡು ವಾಪಸ್ ತರಿಸುತ್ತೇನೆ, 10 ಪರ್ಸೆಂಟ್ ಮುಂಗಡ ಕೊಡಿ ಅಂತ ಒಬ್ಬ 'ಸೈಬರ್ ಎಕ್ಸ್‌ಪರ್ಟ್' ಹೇಳುತ್ತಿದ್ದಾನೆ. (ವಿಜಯಪುರ)

ಅವನು ಎರಡನೇ ಕಳ್ಳ. ಸುಮ್ನೆ ಅವನ ಹಿಂದೆ ಓಡಾಡಬೇಡಿ. ದುಡ್ಡು ಹೋದದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಕಳ್ಳರು ಅದನ್ನು ಖಾತೆಯಿಂದ ಖಾತೆಗೆ ದಾಟಿಸುತ್ತಿರುತ್ತಾರೆ, ಡ್ರಾ ಆಗುವ ಮೊದಲು ಸಿಕ್ಕರೆ ಬ್ಯಾಂಕ್ ತಡೆಹಿಡಿಯಬಹುದು. ಫೋನ್ ಮಾಡುವಾಗ ದುಡ್ಡು ಹಾಕಿದ ವ್ಯವಹಾರದ ಯುಟಿಆರ್ ನಂಬರ್ ಕೈಯಲ್ಲಿರಲಿ, ಚಾಟ್ ಅಳಿಸಬೇಡಿ.